ದಿಣ್ಣೆಯ ಮೇಲಿನ ನೆಲಗುರುತು ಯಂತ್ರ

ಘಟಪ್ರಭಾ, ಮಲಪ್ರಭಾ ಕೊಳ್ಳಗಳ ನಡುವಿನ ದಿಣ್ಣೆಯ ಮೇಲೆ ನೆಲಗುರುತು ಯಂತ್ರ ಮಾಳವ್ವನ ಕುರಿಗಳ ಹಿಕ್ಕೆಯನ್ನು ಮೂಸಿ ನೋಡಿತು. ಕೆಂಪು ದೀಪ ಹತ್ತಿತು. 'ಪರನೆಲ' ಎಂದಿತು. ಅವಳ ಹಿಂದೆ ನೂರಿಪ್ಪತ್ತು ಕುರಿಗಳು ನಿಂತಿದ್ದವು.

ಆ ಕಾಲಕ್ಕೆ ಜಿಲ್ಲೆ, ತಾಲೂಕುಗಳೆಲ್ಲ ಹೋಗಿ ನದಿಕೊಳ್ಳಗಳೇ ಆಡಳಿತದ ಎಲ್ಲೆಗಳಾಗಿದ್ದವು. ಪ್ರತಿ ಕೊಳ್ಳವೂ ತನ್ನ ನೀರು, ತನ್ನ ಮಣ್ಣಿನಲ್ಲೇ ಬದುಕಬೇಕು. ಒಳ್ಳೆಯ ವಿಚಾರವೇ, ಬತ್ತಿದ ಹಳ್ಳಗಳು ಮತ್ತೆ ಹರಿದಿದ್ದವು. ಆದರೆ ಒಳ್ಳೆಯ ವಿಚಾರ ಕೈಗೆ ಸಿಕ್ಕರೆ ಮನುಷ್ಯ ಅದಕ್ಕೊಂದು ಬೇಲಿ ಹಾಕದೆ ಬಿಟ್ಟಾನೆಯೇ!

ಯಂತ್ರವನ್ನು ರೂಪಿಸಿದ ವಿಜ್ಞಾನಿ ವತ್ಸಲಾ ಪಡಸಲಗಿ ಅಲ್ಲೇ ಇದ್ದಳು.

"ಬಂಡೆಯ ಗುರುತು ನೀರಿಗೆ ಇಳೀತದ, ನೀರಿಂದ ಹುಲ್ಲಿಗೆ, ಹುಲ್ಲಿಂದ ಹಿಕ್ಕೆಗೆ. ನಿಮ್ಮ ಕುರಿ ಆಚೆ ಕೊಳ್ಳದ್ವು, ಮಾಳವ್ವ."

"ಇರ್ಲಿ ಬಿಡ್ರಿ ಬಾಯಾರ. ನಮ್ಮತ್ತಿ ಕಾಲದಿಂದ ಸುಗ್ಗಿ ಮುಗದ ಮ್ಯಾಲ ಈ ಊರ ಹೊಲದಾಗ ಕುರಿ ನಿಲ್ಲಸ್ತೀವಿ. ಹಿಕ್ಕಿ ಹೊಲಕ್ಕ, ಕೊಯ್ದುಳಿದ ಕೂಳಿ ಕುರಿಗಿ. ನಮ್ಮ ಕಡೆ ಈಗ ಹುಲ್ಲಿಲ್ಲ. ಗಬ್ಬದ ಕುರಿ ಏನ ತಿನ್ನಬೇಕ್ರಿ?"

"ಹೊರಗಿನ ಗೊಬ್ಬರ ಬಿದ್ರ ಇಲ್ಲಿಯ ಮಣ್ಣಿನ ಗುರುತು ಕೆಡ್ತದ. ಬಿಡ್ಲಿಕ್ಕೆ ಬರಂಗಿಲ್ಲ."

ಮಾಳವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಂತ್ರದ ಜೊತೆ ಜಗಳವಾಡುವುದು ಹೇಗೆ? ಹಿಂಡು ತಿರುಗಿಸಿದಳು. ಆ ಬೇಸಿಗೆ ಮೂವತ್ತು ಕುರಿ ಸತ್ತವು. ಮುಂದಿನ ಎರಡು ವರ್ಷಗಳಲ್ಲಿ ಮೇವಿಲ್ಲದೆ ಉಳಿದವುಗಳಲ್ಲೂ ಬಹುಪಾಲನ್ನು ಸಂತೆಗೆ ಹೊಡೆದಳು. ಪ್ರತಿ ಸಲವೂ ದಾರಿಯುದ್ದಕ್ಕೂ ಅತ್ತಳು.

ನಾಲ್ಕನೆಯ ವರ್ಷ ವತ್ಸಲಾ ದಿಣ್ಣೆ ಇಳಿದು ಅವಳ ಗುಡಿಸಲಿಗೇ ಬಂದಳು. ಮುಖ ಬಾಡಿತ್ತು.

"ನಮ್ಮ ಮಣ್ಣು ನೂರಕ್ಕ ನೂರು ಶುದ್ಧ ಅಂತ ಯಂತ್ರ ಹೇಳ್ತು, ಮಾಳವ್ವ."

"ಚಲೋ ಆತಲ್ರಿ."

"ಎಲ್ಲಿ ಚಲೋ! ಜೋಳ ಮೊಣಕಾಲೆತ್ತರಕ್ಕ ನಿಂತದ, ತೆನಿ ಕಟ್ಟಿಲ್ಲ. ಯಂತ್ರ ಬರೂಕಿಂತ ಮೊದಲ ತಗದಿಟ್ಟಿದ್ದ ಮಣ್ಣು ಪರೀಕ್ಷೆ ಮಾಡಿದೆ. ಆ ನೆಲದ ಕಸುವೆಲ್ಲ ನಿಮ್ಮ ಕುರಿ ಹೊತ್ತು ತಂದದ್ದು. ಅದನ್ನೇ ನಾ ಹೊಲಸು ಅಂದೆ. ತಪ್ಪಾತು. ದಿಣ್ಣೆ ಮ್ಯಾಲಿನ ಯಂತ್ರ ಕಿತ್ತಸೀನಿ. ಹಿಂಡು ಹೊಡಕೊಂಡು ಬರ್ರಿ."

ಮಾಳವ್ವ ಎದ್ದು ವತ್ಸಲಾಳನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ನಾಲ್ಕು ಕುರಿಗಳಿದ್ದವು.

"ಇವ ನೋಡ್ರಿ ನನ್ನ ಹಿಂಡು," ಎಂದು ಹಗ್ಗ ಬಿಚ್ಚಿದಳು. "ಕರದ್ರ ಒಲ್ಲೆ ಅನ್ನೂದಿಲ್ಲ, ಬರ್ತೀನಿ. ಆದ್ರ ಇವು ನಿಮ್ಮ ಹೊಲಕ್ಕೆಲ್ಲ ಹಿಕ್ಕಿ ಹಾಕೂದರಾಗ ನಾನೂ ಇರೂದಿಲ್ಲ, ನೀವೂ ಇರೂದಿಲ್ರಿ."