ಎಣಿಕೆ ತಪ್ಪಿದ ಅಶ್ವಥ್

"ಅನಂತರಾಜು ಅವ್ರು ಎಷ್ಟು ಚೆನ್ನಾಗ್ ಮಾತಾಡ್ತಾರೆ ಗೊತ್ತಾ?" ಅಂದಳು ಧನುಶ್ರೀ, ಬಾಗಿಲಿಗೆ ಒರಗಿ.

ಅಂಗಳದಲ್ಲಿ ಕಾರಿಗೆ ಜಾಕ್ ಏರಿಸಿ, ಮುಂದಿನ ಚಕ್ರ ಬಿಚ್ಚಿ ಕೂತಿದ್ದ ಅಶ್ವಥನಿಗೆ ಮೈಯೆಲ್ಲ ಉರಿಯಿತು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡುವವನು, ವಾರದ ರಜೆಯಲ್ಲಿ ಎದುರುಮನೆ ಬೋರಲಿಂಗಯ್ಯನವರ ಕಾರಿನ ಸ್ಟೀರಿಂಗ್ ಸರಿಮಾಡಲು ಬಂದಿದ್ದ. ನಾಳೆ ಅವರು ಇದೇ ಕಾರಲ್ಲಿ ಮಗಳು ಧನುಶ್ರೀಯನ್ನು ಕರೆದುಕೊಂಡು ಉಯ್ಯಂಬಳ್ಳಿಗೆ ಗಂಡಿನ ಮನೆ ನೋಡಲು ಹೋಗುವವರು. ಗಂಡು ಅದೇ ಅನಂತರಾಜು. ಮನೆ ಹಿಡಿಸಿದರೆ ಅಲ್ಲೇ ಎಲೆ-ಅಡಿಕೆ ಬದಲಾಯಿಸಿ ಬರುತ್ತಾರೆ. ಅದಕ್ಕೆ ಗಾಡಿ ರೆಡಿ ಮಾಡಿಕೊಡುವ ಕರ್ಮ ಇವನಿಗೇ ಬಂದಿತ್ತು.

ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈರಾಡ್ ಎಂಡ್ ಸವೆದಿತ್ತು. ಹಳೆಯದನ್ನು ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಬೇಕು, ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ತಪ್ಪಿದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಹನ್ನೊಂದು ಸುತ್ತಿನವರೆಗೂ ಸರಿಯಾಗೇ ಎಣಿಸಿದ್ದ.

ಆಗ ಅವಳ ಮೊಬೈಲು ರಿಂಗಾಯಿತು. "ಹ್ಞೂಂ ರಾಜು ಅವ್ರೇ, ನೀಲಿ ಸೀರೇನೇ ಉಟ್ಕೊಂಡ್ ಬತ್ತೀನಿ," ಎಂದು ನಕ್ಕಳು.

ಆ ನಗು ತನ್ನೊಬ್ಬನ ಸ್ವತ್ತು ಅಂದುಕೊಂಡಿದ್ದ, ಬೆಪ್ಪ. ಟೈರಾಡ್ ಎಂಡ್ ಕಳಚಿ ಕೈಗೆ ಬಂತು, ಲೆಕ್ಕ ಮಾತ್ರ ಎಲ್ಲೋ ಹೋಗಿತ್ತು.

ಅವಳು ಫೋನಿಟ್ಟ ಮೇಲೆ ಅವನ ಹೊಟ್ಟೆಕಿಚ್ಚು ಬಾಯಿಗೆ ಬಂತು. "ಪಾರ್ಟ್ಸ್ ಅಂಗಡಿ ಗೌಸು ಬೇರೆ ಸೈಜ್ ಕೊಟ್ಟವ್ನೆ. ಕೂರಲ್ಲ ಇದು. ನಾಳೆ ಕಾರ್ ತಗಂಡೋಗಂಗಿಲ್ಲ."

ಧನುಶ್ರೀ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಹಳೆಯದನ್ನೂ ಹೊಸದನ್ನೂ ಜೋಡಿಸಿ ಹಿಡಿದು ನೋಡಿದಳು. ಆಮೇಲೆ ಅವನ ಕೆನ್ನೆಯ ಗ್ರೀಸನ್ನು, ನಿಧಾನವಾಗಿ ಅವನ ಕಣ್ಣನ್ನು.

"ಎರಡೂ ಒಂದೇ ಐತೆ. ನೀನ್ ಬಿಚ್ಚಿದ್ದು ಹದಿನೇಳು ಸುತ್ತು. ಮಾತು ಫೋನಲ್ಲಿದ್ರೂ ಕಣ್ಣು ನಿನ್ ಕೈ ಮೇಲೇ ಇತ್ತು. ಯಾಕ್ ಸುಳ್ ಹೇಳ್ದೆ?"

"ನೀನ್ ಅಲ್ಲಿಗೋಗೋದು ನಂಗಿಷ್ಟ ಇಲ್ಲ. ಅವನ್ ಹೆಸ್ರು ಕೇಳಿದ್ರೇ ಉರೀತದೆ. ನಂಗೆ ನೀನ್ ಬೇಕು ಧನು."

ಅವಳ ಕಣ್ಣು ತುಂಬಿತು. "ಎರಡು ವರ್ಷ ಕಾದೆ. ಇವತ್ತೂ ಬಾಯಿ ಬುಡ್ದೆ ಇದ್ದಿದ್ರೆ ನಾಳೆ ಒಪ್ಕೊಂಡ್ ಬರ್ತಿದ್ದೆ."

ಹೊಸದನ್ನು ಅವನು ತಿರುಗಿಸಿದ, ಸುತ್ತು ಅವಳು ಎಣಿಸಿದಳು. ಚಕ್ರ ಕೂರಿಸಿ, ಜಾಕ್ ಇಳಿಸುವಷ್ಟರಲ್ಲಿ ಬೋರಲಿಂಗಯ್ಯ ತೋಟದಿಂದ ಬಂದರು.

"ರೆಡಿಯಾಯ್ತೇನ್ಲಾ ಗಾಡಿ?"

ಅಶ್ವಥ್ ಎದ್ದು ನಿಂತ. ಧನುಶ್ರೀ ಒಳಗೆ ಹೋಗಲಿಲ್ಲ, ಅವನ ಪಕ್ಕದಲ್ಲೇ ನಿಂತಳು.

"ಆಯ್ತು ಗೌಡ್ರೇ. ಆದ್ರೆ ನಾಳೆ ಗಾಡಿ ಬ್ಯಾಡ. ನಡ್ಕಂಡೇ ಬನ್ನಿ, ನಮ್ಮನೆ ನೋಡಾಕೆ."