ಕತ್ತರಿಸಿದ ಮೂರನೇ ಚರಣ

ರೇಡಿಯೊ ಸ್ಟುಡಿಯೊದ ಗಾಜಿನಾಚೆ, ಸಂದರ್ಶನಕ್ಕೆ ಬಂದ ಹಾಡುಗಾರನಾಗಿ ಅವನು ಕೂತಿದ್ದ. ಒಂಬತ್ತು ವರ್ಷಗಳಲ್ಲಿ ಕಿವಿಯ ಪಕ್ಕ ನರೆ ಬಂದಿತ್ತು. ಗಾಜಿನೀಚೆ, ರೆಕಾರ್ಡಿಂಗ್ ಮೇಜಿನ ಮುಂದೆ ಅವಳು. ಅಂದು ಒಂದು ಮಾತೂ ಹೇಳದೆ ಯಾಕೆ ಹೋದೆ ಎಂದು ಇವತ್ತಾದರೂ ಕೇಳಿಬಿಡಬೇಕು ಎಂದುಕೊಂಡಿದ್ದಳು.

"ಮೈಕ್ ಹತ್ರ ಬಾ" ಎಂದಳು.

"ಹತ್ರ ಬಂದಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು?"

ಅವನ ಕಣ್ಣಂಚಿನಲ್ಲಿ ಅದೇ ಹಳೆಯ ತುಂಟತನ. ಅವಳು ತಲೆ ತಗ್ಗಿಸಿ ಬಟನ್ ಒತ್ತಿದಳು. ಆಸೆಗೆ ನಾಚಿಕೆ ಎಲ್ಲಿಯದು, ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಸಂದರ್ಶಕಿ ಶುರುಮಾಡಿದಳು. "ಸರ್, ಅಮೆರಿಕದ ಕಂಟ್ರಿ ಶೈಲಿಯ ನಿಮ್ಮ ಆ ಹಾಡು ಕೇಳಿ ಅಳದವರಿಲ್ಲ. ಅದರ ಅರ್ಥ ಏನು?"

"ಜಗಳದಲ್ಲಿ ಒಬ್ಬಳ ಮನಸ್ಸು ಮುರಿದಿದ್ದೆ. ಪಶ್ಚಾತ್ತಾಪದಿಂದ ಬರೆದೆ. ಕ್ಷಮಿಸು ಅಂತ ಕೇಳಿದ್ದು ಮೂರನೇ ಚರಣದಲ್ಲಿ. ಹಾಡು ರೆಕಾರ್ಡ್ ಮಾಡಿದ್ದು ಅವಳೇ, ಆ ಚರಣವನ್ನೇ ಕತ್ತರಿಸಿ ಹಾಕಿದ್ಲು. ಉತ್ತರ ಸಿಕ್ತು ಅಂದ್ಕೊಂಡು ಊರು ಬಿಟ್ಟೆ."

ಕತ್ತರಿಸಿದ್ದು ಗಾಜಿನೀಚೆ ಕೂತಿದ್ದ ಅವಳೇ, ನಿಜ. ಆದರೆ ಕೆಲಸಕ್ಕೆ ಕೂತರೆ ಹಾಡಿನ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಅಡುಗೆಯವಳು ಉಪ್ಪು ನೋಡುವಂತೆ ಸದ್ದು ನೋಡುತ್ತಿದ್ದಳು, ಊಟ ಮಾಡುತ್ತಿರಲಿಲ್ಲ.

ಸಂದರ್ಶನ ಮುಗಿದದ್ದೇ ತಡ, ಕತ್ತರಿಸುವ ಮುಂಚಿನ ಹಳೆಯ ರೆಕಾರ್ಡಿಂಗ್ ಹುಡುಕಿ ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಸಲ ಮಾತು ಕೇಳಿದಳು.

*ಗುರುವಾರದ ರೈಲಿಗೆ ಎರಡು ಟಿಕೆಟ್ ಇದೆ ಗೆಳತಿ,*
*ನೀ ಬರದಿದ್ದರೆ ನನ್ನ ಪಕ್ಕ ನನ್ನ ತಪ್ಪು ಕೂರುತ್ತೆ.*

ಅವಳು ಮೆಟ್ಟಿಲಿಳಿದು ಓಡಿದಳು. ಅವನು ಗೇಟಿನ ಹತ್ತಿರ ಇದ್ದ.

"ನಿಲ್ಲೋ! ಆ ಚರಣ ನಾನು ಕೇಳೇ ಇರ್ಲಿಲ್ಲ ಕಣೋ. ಅಲ್ಲಿ ಗಿಟಾರ್ ತಂತಿ ಕಿರ್ ಅಂದಿತ್ತು. ಅದಕ್ಕೇ ತೆಗೆದೆ."

"ತಂತಿ?"

"ಹೂಂ."

ನಗಲು ಹೋಗಿ ಅವನ ತುಟಿ ಸೊಟ್ಟಗಾಯಿತು. "ಬಾಯಿ ಬಿಟ್ಟು ಕೇಳಿದ್ರೆ ಮುಗೀತಿತ್ತು. ಹಾಡು ಕಟ್ಟೋಕೆ ಹೋದೆ ನೋಡು, ದೊಡ್ಡ ಕವಿ!"

"ಕೇಳಿದ್ರೆ ಬರ್ತಿದ್ದೆ. ಉಟ್ಟ ಬಟ್ಟೇಲೇ ಬರ್ತಿದ್ದೆ. ನೀನು ಕೈಕೊಟ್ಟು ಹೋದೆ ಅಂತ ಒಂಬತ್ತು ವರ್ಷ ನಿನ್ನ ಶಪಿಸಿದೀನಿ."

ರಸ್ತೆಯಾಚೆಯ ಕಾರಿನಿಂದ ಪುಟ್ಟ ಹುಡುಗಿಯೊಬ್ಬಳು "ಅಪ್ಪಾ!" ಎಂದು ಕೂಗಿದಳು. ಡ್ರೈವಿಂಗ್ ಸೀಟಿನಲ್ಲಿದ್ದ ಅವನ ಹೆಂಡತಿ ಇವಳ ಕಡೆಗೂ ನಗುತ್ತ ಕೈ ಬೀಸಿದಳು. ಒಳ್ಳೆಯ ಮುಖ. ದ್ವೇಷಿಸಲು ಒಂದು ಎಳೆಯಷ್ಟೂ ಜಾಗವಿರಲಿಲ್ಲ.

"ಹೋಗು. ಅವರನ್ನ ಕಾಯಿಸ್ಬೇಡ" ಎಂದಳು.

ಅವನು ಎರಡು ಹೆಜ್ಜೆ ಇಟ್ಟು ತಿರುಗಿದ.

"ಆಗ ನಿನ್ನನ್ನ ತುಂಬಾ ಪ್ರೀತಿಸ್ತಿದ್ದೆ. ಹಾಡಿನಲ್ಲಲ್ಲ, ಮಾತಲ್ಲೇ ಹೇಳ್ತಿದೀನಿ."

"ಕೇಳಿಸ್ತು."

ಅವನು ರಸ್ತೆ ದಾಟಿ ಮಗಳ ಪಕ್ಕ ಕೂತ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಳದೆ ನಿಂತಿದ್ದಳು.