ಹಗಲಲ್ಲಿ ಹಿಡಿದ ಕೈ

ಹೆಂಡತಿ ತನಗೆ ಹೆದರುತ್ತಾಳೆ ಎಂದು ಮಹಾಲಿಂಗಪ್ಪನಿಗೆ ಅನ್ನಿಸಿದ್ದು ಒಂದು ಬಿಪಿ ಮಷಿನ್‌ನಿಂದ. ಗಜೇಂದ್ರಗಡದ ಪೇಟೆಯಲ್ಲಿ ಸೀರೆ ಮಾರುತ್ತಲೇ ತಲೆ ಹಣ್ಣಾದವನು ಅವನು. ಆ ಪುಟ್ಟ ಡಬ್ಬಿಯ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

ದವಾಖಾನೆಯಲ್ಲಿ ಹೆಂಡತಿ ಹೊನ್ನವ್ವನ ಬಿಪಿ ಏರಿತ್ತು. "ಡಾಕ್ಟರ್ ಮುಂದ ಕುಂತ್ರ ಕೆಲವ್ರಿಗೆ ಸುಮ್ನ ಏರತೈತ್ರಿ," ಎಂದು ಡಾಕ್ಟರ್ ಶ್ವೇತಾ ಮಷಿನ್ ಕೊಟ್ಟು ಕಳಿಸಿದ್ದರು. "ಒಂದ್ ವಾರ ಮನ್ಯಾಗ ನೋಡ್ರಿ. ಆಮ್ಯಾಲೆ ಗುಳಿಗಿ ವಿಚಾರ ಮಾಡೋಣು."

ಮನೆಯಲ್ಲಿ ಅವನೇ ಅವಳ ತೋಳಿಗೆ ಮಷಿನ್‌ನ ಪಟ್ಟಿ ಕಟ್ಟಿದ. ಬಿಪಿ ಏರಿಯೇ ಇತ್ತು. ಅವನು ಅಂಗಡಿಗೆ ಬೇಗ ಹೋದ ದಿನ ಪಕ್ಕದ ಮನೆಯ ಮಾಸುಮಬಿ ಕಟ್ಟಿದಳು. ಅವತ್ತು ನಾರ್ಮಲ್! ಮರುದಿನ ಅವನು ಕಟ್ಟಿದರೆ ಮತ್ತೆ ಏರಿತು.

"ಅಣ್ಣಾರ, ಅಕ್ಕಾಗ ನಿಮ್ಮ ಮಾರಿ ನೋಡಿದ್ರ ಏರತೈತಿ ನೋಡ್ರಿ," ಎಂದು ಮಾಸುಮಬಿ ನಕ್ಕಳು.

ಮಹಾಲಿಂಗಪ್ಪ ನಗಲಿಲ್ಲ. ಅಂದು ಒಂದೇ ರೊಟ್ಟಿಗೆ ಎದ್ದ. ಅಂಗಡಿಯ ಸಿಟ್ಟನ್ನೆಲ್ಲ ಮನೆಗೆ ತಂದು ಅವಳ ಮೇಲೆ ಹಾಕಿದ ದಿನಗಳು ಸಾಲಾಗಿ ನೆನಪಾದವು.

ಬೆಳಿಗ್ಗೆ ಪಟ್ಟಿ ಹಿಡಿದು ಬಂದ ಹೊನ್ನವ್ವನಿಗೆ, "ಮಾಸುಮಬಿನ್ನ ಕರಿ," ಎಂದ.

"ಯಾಕ್ರಿ? ನಿಮಗೇನಾತು?"

"ಖರೇ ಹೇಳು. ಇಷ್ಟು ವರ್ಷ ನನಗ ಹೆದರಕೋತನ ಬಾಳೇ ಮಾಡಿಯೇನು?"

ಹೊನ್ನವ್ವ ಅವನನ್ನೇ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡವು.

"ಹೆದರಿಕಿ ಅಲ್ರಿ. ನಾಚಿಕಿ."

"ಈ ವಯಸ್ಸಿನ್ಯಾಗ?"

"ಮದ್ಲ ಅತ್ತಿ ಮಾವ, ಆಮ್ಯಾಲೆ ಮಕ್ಕಳು, ಈಗ ಸೊಸಿ. ಹಗಲಿನ್ಯಾಗ ನೀವು ನನ್ನ ಕೈ ಹಿಡದಿದ್ದು ಯಾವಾಗರ ಐತೇನ್ರಿ? ಲಗ್ನದಾಗ ಅಯ್ಯನವ್ರು ಹಿಡಸಿದ್ರಲ್ಲ, ಅಷ್ಟ. ಈಗ ದಿನಾ ಹಿಡೀತೀರಿ. ಬಿಗಿ ಆತೇನು, ನೋವಾತೇನು ಅಂತ ಕೇಳ್ತೀರಿ. ಎದಿ ಡವಡವ ಅಂದ್ರ ನಾ ಏನ್ ಮಾಡ್ಲಿ?"

ಮಹಾಲಿಂಗಪ್ಪನ ಎದೆಯ ಭಾರ ಇಳಿದು, ಇಂಥವಳು ಸಿಕ್ಕಳಲ್ಲ ಎಂಬ ಕೃತಜ್ಞತೆ ತುಂಬಿ ಬಂತು.

ಪಟ್ಟಿ ಕಟ್ಟುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಅಂಗಡಿಯ ಅವಸರದಲ್ಲಿ ಅವನು ಒಮ್ಮೆಯೂ ಕೂರಲು ಬಿಟ್ಟಿರಲಿಲ್ಲ. ಇಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ.

"ಬಾಗಲಾ ತಗದೈತ್ರಿ. ಯಾರರ ನೋಡ್ತಾರ."

"ನೋಡ್ಲಿ ಬಿಡು."

ಚಹಾ ತಂದ ಸೊಸೆ ಹೊಸ್ತಿಲಲ್ಲೇ ತಿರುಗಿ ಹೋದಳು. ಹೊನ್ನವ್ವ ಕೈ ಎಳೆದುಕೊಳ್ಳಲಿಲ್ಲ. ಅವಳ ಉಸಿರು ನಿಧಾನವಾದ ಮೇಲೆ ಅವನು ಪಟ್ಟಿ ಕಟ್ಟಿದ. ನಾರ್ಮಲ್.

"ಇನ್ನ ಮಷಿನ್ ವಾಪಸ್ ಕೊಟ್ಟು ಬರ್ರಿ," ಎಂದಳು ಸಣ್ಣಗೆ.

"ವಾರ ಮುಗದ ಮ್ಯಾಲೆ ಕೊಡ್ತೀನಿ. ಆದ್ರ ಮುಂಜಾನಿ ಹಿಂಗ ಕುಂದ್ರೂದು ಮಾತ್ರ ಬಿಡಂಗಿಲ್ಲ."

"ಅಂಗಡಿಗೆ ತಡಾ ಆಗತೈತ್ರಿ."

"ಆಗ್ಲಿ," ಎಂದ ಮಹಾಲಿಂಗಪ್ಪ. ಪಟ್ಟಿ ಬಿಚ್ಚಿದ, ಕೈ ಬಿಡಲಿಲ್ಲ.